ನೂರು ಬೀಡಿಗೊಮ್ಮೆ ಎಬ್ಬಿಸುವ ಸುಂದ್ರವ್ವ

ಬೆಳಗಿನ ಆರು ಗಂಟೆ. ನಿಪ್ಪಾಣಿಯ ಓಣಿಯೊಂದರ ಕಟ್ಟೆಯ ಮೇಲೆ ಐದು ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಾರೆ. ಮಾತಿಲ್ಲ. ಒದ್ದೆ ಎಲೆ ಕತ್ತರಿಸುವ ಸದ್ದಷ್ಟೇ. ನೂರು ಬೀಡಿ ಮುಗಿಯುತ್ತಲೇ ಸುಂದ್ರವ್ವ ಕತ್ತರಿಯಿಂದ ಡಬ್ಬಿ ಬಡಿಯುತ್ತಾರೆ.

"ಏಳ್ರಿ, ಏಳ್ರಿ. ಮೊರ ಕೆಳಗಿಡ್ರಿ."

"ಯಾವ ಕುಸ್ತಿಗೆ ತಯಾರ ಮಾಡಾಕತ್ತಿ ಕಾಕೂ ನಮ್ನ?" ಪಕ್ಕದ ಮನೆಯ ಕೋಮಲ ಗೊಣಗುತ್ತಾಳೆ.

"ನಿಮ್ಮತ್ತಿ ಜೋಡಿ ಕುಸ್ತಿಗೆ. ಏಳ ಬೇ!"

ಎಲ್ಲರೂ ನಗುತ್ತಾರೆ. ಕಂಬ ಹಿಡಿದು ಹತ್ತು ಬಸ್ಕಿ, ಅಂಗಳದಲ್ಲಿ ಬಿರುಸಾಗಿ ನಾಲ್ಕು ಸುತ್ತು, ಒಂದು ಲೋಟ ನೀರು. ಮೂರೇ ನಿಮಿಷ. ಮತ್ತೆ ಮೊರ ತೊಡೆಗೇರುತ್ತದೆ. ಸಾವಿರ ಬೀಡಿ ಕಟ್ಟುವ ದಿನ ಹೀಗೆ ಹತ್ತು ಸಲ.

ಐವತ್ತಾರರ ಸುಂದ್ರವ್ವ ಬೀಡಿಗೆ ಕುಳಿತದ್ದು ಹನ್ನೆರಡನೆಯ ವಯಸ್ಸಿನಲ್ಲಿ. ನಡುವೆ ಎದ್ದರೆ ತಂಬಾಕು ಚೆಲ್ಲುತ್ತದೆ, ಎಲೆ ಒಣಗುತ್ತದೆ. ಬಚ್ಚಲಿಗೆ ಹೋಗಬೇಕಾದೀತೆಂದು ಹೆಂಗಸರು ನೀರನ್ನೇ ಕುಡಿಯುತ್ತಿರಲಿಲ್ಲ. "ಏಳದಾಕೀನ ಶಾಣ್ಯಾಕಿ ಅಂತಿದ್ವಿ. ನಾ ಎಲ್ಲಾರಕಿಂತ ಶಾಣ್ಯಾಕಿ ಇದ್ದೆ ನೋಡ್ರಿ," ಎನ್ನುವಾಗ ಅವರ ಮುಖದಲ್ಲಿ ನಗುವಿಲ್ಲ.

ಇಪ್ಪತ್ತು ವರ್ಷ ಅವರ ಪಕ್ಕದಲ್ಲಿ ಕುಳಿತವರು ಗೆಳತಿ ಲಕ್ಷ್ಮಿಬಾಯಿ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಾಲು ಜೋಮು ಹಿಡಿದಿದೆ, ಸ್ವಲ್ಪ ಅಡ್ಡಾಡಿ ಬರುತ್ತೇನೆ ಎಂದರಂತೆ. ನಾಲ್ಕು ಗಂಟೆಗೆ ಗುತ್ತಿಗೆದಾರನಿಗೆ ಬೀಡಿ ಒಪ್ಪಿಸಬೇಕಿತ್ತು.

"ನಾನೇ ಸೆರಗ ಹಿಡದ ಕುಂದ್ರಿಸಿದ್ನಿ. ಇನ್ನೊಂದ ನೂರ ಐತಿ, ಮುಗಿಸಿ ಏಳ ಅಂದ್ನಿ. ಮುಗಿಸಿದ್ಲು. ಎದ್ಲು. ಕಾಲಾಗ ಖಬರ ಇರಲಿಲ್ಲ, ಕಟ್ಟಿ ಮ್ಯಾಲಿಂದ ಬಿದ್ಲು."

ಸೊಂಟ ಮುರಿಯಿತು. ಮತ್ತೆ ನಡೆಯಲಾಗಲಿಲ್ಲ. ದಿನವಿಡೀ ಕೂರುವ ಮೈಗೆ ನಡುನಡುವೆ ಎರಡು ನಿಮಿಷವಾದರೂ ಕೆಲಸ ಕೊಡಿ ಎಂದು ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದನ್ನು ಸುಂದ್ರವ್ವ ಕೇಳಿಸಿಕೊಂಡರು. ಡಬ್ಬಿ ಬಡಿಯುವುದು ಶುರುವಾದದ್ದು ಆಮೇಲೆ. ಮೊದಲ ಮೂರು ತಿಂಗಳು ಯಾರೂ ಏಳಲಿಲ್ಲ. ಉಳಿದವರು ನೋಡುತ್ತಿರುವಾಗ ಅವರೊಬ್ಬರೇ ಕಂಬ ಹಿಡಿದು ಕುಳಿತು ಎದ್ದರು. ಈಗ ಓಣಿಯ ಮೂರು ಕಟ್ಟೆಗಳಲ್ಲಿ ಹದಿನೇಳು ಮಂದಿ ಏಳುತ್ತಾರೆ.

ಊಟದ ಹೊತ್ತಿಗೆ ಸುಂದ್ರವ್ವ ಲಕ್ಷ್ಮಿಬಾಯಿಯ ಮನೆಗೆ ಹೋಗುತ್ತಾರೆ. ಮಂಚದ ಅಂಚಿಗೆ ಕೂರಿಸಿ, ತೋಳು ಹಿಡಿದು ನಿಲ್ಲಿಸಿ, ನಿಂತಷ್ಟು ಹೊತ್ತು ಒಂದು, ಎರಡು ಎಂದು ಎಣಿಸುತ್ತಾರೆ. ಇವತ್ತು ಒಂಬತ್ತಕ್ಕೆ ಕಾಲು ನಡುಗಿತು.

"ಸಾಕ ಬಿಡವಾ," ಎಂದು ಲಕ್ಷ್ಮಿಬಾಯಿ ಕುಳಿತುಬಿಟ್ಟರು. ಆಮೇಲೆ ಇಬ್ಬರೂ ಬದನೆಕಾಯಿ ಪಲ್ಯದ ಬಗ್ಗೆ ಮಾತಾಡಿದರು. ಲಕ್ಷ್ಮಿಬಾಯಿ ಬಿದ್ದ ಆ ಮಧ್ಯಾಹ್ನದ ಬಗ್ಗೆ ಒಂದು ದಿನವೂ ಮಾತಾಡಿಲ್ಲವಂತೆ.

ಹೊರಗೆ ಬಂದ ಮೇಲೆ, ಏನು ಆಸೆ ಎಂದು ಕೇಳಿದರೆ ಸುಂದ್ರವ್ವ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳುತ್ತಾರೆ.

"ಆಕಿ ನಡದ್ರ ಭಾಳ ಚೊಲೋ. ನಡೀಲಿಲ್ಲಂದ್ರೂ... ಒಮ್ಮೆರೆ ನನಗ ಬೈಬೇಕ್ರಿ ಆಕಿ. ನಾಕ ವರ್ಷಾತು, ಚಾ ಕುಡದ ಹೋಗ ಅಂತಾಳ, ಅಷ್ಟ."