ತಬಲಾ ಅಂಗಡಿಯ ಎದುರಿನ ರವಿವಾರಗಳು

ನಾನು ಮುಂಬಯಿಗೆ ಬಂದದ್ದು ಅರವತ್ತರ ದಶಕ ಮುಗಿಯುವ ಹೊತ್ತಿಗೆ. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಒಂದು ಲಾಡ್ಜಿನಲ್ಲಿ ರಿಜಿಸ್ಟರ್ ಬರೆಯುವ ಕೆಲಸ ಸಿಕ್ಕಿತ್ತು. ಬಂದವರ ಹೆಸರು, ಊರು ಬರೆದುಕೊಂಡು ಸಹಿ ಮಾಡಿಸಿ ಕೀಲಿ ಕೊಡುವುದು, ಹೋಗುವಾಗ ಕೀಲಿ ಇಸಿದುಕೊಳ್ಳುವುದು. ಮಲಗಲಿಕ್ಕೆ ಮೆಟ್ಟಿಲ ಕೆಳಗೊಂದು ಕೋಣೆ. ದಿನವಿಡೀ ಜನರ ಜೊತೆ ಮಾತಾಡುತ್ತಿದ್ದೆ, ಆದರೆ ಊಟ ಆಯಿತೇ ಎಂದು ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ಅವನು ಸಿಕ್ಕಿದ್ದು ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ, ಒಂದು ರವಿವಾರ ಮಧ್ಯಾಹ್ನ. ಬೇರೆಲ್ಲೂ ಜಾಗವಿಲ್ಲದೆ ನನ್ನ ಟೇಬಲ್ಲಿಗೆ ಬಂದು ಕೂತ. ನನಗಿಂತ ಏಳೆಂಟು ವರ್ಷ ದೊಡ್ಡವ. ತೆಳ್ಳನೆಯ ಮೈ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಮಶಿನ್ ಎಣ್ಣೆಯ ಕಪ್ಪು. ಸಾಂಬಾರು ಒಂದು ಚಮಚ ಬಾಯಿಗೆ ಹಾಕಿಕೊಂಡವನೇ ಮುಖ ಕಿವುಚಿ, ವೇಟರನ್ನು ಕರೆದು, "ಇಸ್ಮೆ ಬೆಲ್ಲ ಡಾಲೆ ಕ್ಯಾ?" ಅಂದ. ಆ ಹಿಂದಿಯ ನಡುವೆ ನುಸುಳಿದ 'ಬೆಲ್ಲ' ಕೇಳಿ ನನಗೆ ನಗು ತಡೆಯಲಾಗಲಿಲ್ಲ.

"ಬೆಲ್ಲಾನೂ ಹಾಕ್ಯಾರ, ಕೊಬ್ರಿನೂ ಹಾಕ್ಯಾರ್ರೀ. ನಾನೂ ಬಂದಾಗಿಂದ ಇದನ್ನ ಬಾಜೂಕ ಇಡಾಕತ್ತೀನಿ," ಅಂದೆ.

ಅವನು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ. "ಯಾ ಊರ್ರೀ ನಿಮ್ಮದು?"

ಇಬ್ಬರದೂ ಬಿಜಾಪುರ ಜಿಲ್ಲೆ. ಅವನ ಮನೆಮಾತು ದಖ್ಖನಿ, ಬೀದಿಯಲ್ಲಿ ಬೆಳೆದದ್ದು ಕನ್ನಡದಲ್ಲಿ. ಊರಲ್ಲಿ ಹೆಂಡತಿ ಮತ್ತು ಇಬ್ಬರು ಸಣ್ಣ ಹೆಣ್ಣುಮಕ್ಕಳು. ಜೋಗೇಶ್ವರಿಯ ಒಂದು ಕಾರ್ಖಾನೆಯಲ್ಲಿ ಸ್ಟೀಲ್ ಡಬ್ಬಿಗಳ ಮುಚ್ಚಳ ಒತ್ತುವ ಪವರ್ ಪ್ರೆಸ್ ಮೇಲೆ ಕೆಲಸ. ಅಲ್ಲೇ ಚಾಳಿನ ಒಂದು ಖೋಲಿಯಲ್ಲಿ ಆರು ಮಂದಿಯ ಜೊತೆ ವಾಸ. ಅವನ ಮನೆಗೆ ಒಂದೆರಡು ಪತ್ರ ಬರೆದುಕೊಟ್ಟ ಮೇಲೆ ನನ್ನನ್ನು 'ಮಾಸ್ತರ' ಎಂದು ಕರೆಯತೊಡಗಿದ. ನಾನು ಅವನಿಗೆ 'ಭಾಯಿ' ಅನ್ನುತ್ತಿದ್ದೆ. ಎಷ್ಟು ಸಲುಗೆಯಾದರೂ ಇಬ್ಬರೂ 'ರೀ' ಬಿಡಲಿಲ್ಲ.

ಆಮೇಲೆ ಪ್ರತಿ ರವಿವಾರ ಹನ್ನೆರಡರ ಸುಮಾರಿಗೆ ಅವನು ಲೋಕಲ್ ಹಿಡಿದು ಗ್ರಾಂಟ್ ರೋಡಿಗೆ ಬರುತ್ತಿದ್ದ. ನನಗೆ ಮಧ್ಯಾಹ್ನದಿಂದ ಸೂಟಿ. ಗೆಳೆತನವೆಂದರೆ ನಮಗೆ ಯಾವ ದೊಡ್ಡ ವಿಷಯವೂ ಆಗಿರಲಿಲ್ಲ. ಇಬ್ಬರಿಗೂ ಬಾಳೆಹಣ್ಣಿನ ವಾಸನೆ ಆಗುತ್ತಿರಲಿಲ್ಲ. ಇಬ್ಬರಿಗೂ ಹಸಿ ಉಳ್ಳಾಗಡ್ಡಿ ಬೇಕು, ಅದನ್ನು ಚಾಕುವಿನಿಂದ ಕೊಯ್ಯದೆ ಮುಷ್ಟಿಯಿಂದ ಗುದ್ದಿ ಒಡೆಯಬೇಕು. ಅವನು ಚಹಾವನ್ನು ಬಸಿಗೆ ಸುರಿದು ಸೊರ್ರೆಂದು ಕುಡಿಯುತ್ತಿದ್ದ, ನನಗೆ ಅದು ಸೇರುತ್ತಿರಲಿಲ್ಲ. ನಾನು ಊಟಕ್ಕೆ ಕೂತಾಗ ಪೇಪರ್ ಓದುವುದು ಅವನಿಗೆ ಸೇರುತ್ತಿರಲಿಲ್ಲ. "ಅನ್ನದ ಮುಂದ ಕುಂತು ಯಾರ್ಯಾರ್ದೋ ಸುದ್ದಿ ಯಾಕ್ ಬೇಕ್ರೀ ಮಾಸ್ತರ?" ಅನ್ನುತ್ತ ಪೇಪರನ್ನು ಮಡಚಿ ತನ್ನ ತೊಡೆಯ ಕೆಳಗೆ ಇಟ್ಟುಕೊಂಡುಬಿಡುತ್ತಿದ್ದ. ಕೆಲವು ರವಿವಾರ ಬಾಂದ್ರಾಕ್ಕೆ ಹೋಗಿ ಸಮುದ್ರದ ದಂಡೆಯಲ್ಲಿ ಕೂಡುತ್ತಿದ್ದೆವು. ಅವನಿಗೆ ಸಮುದ್ರವೆಂದರೆ ಒಳಗೊಳಗೇ ಹೆದರಿಕೆ. ನೀರು ಇಳಿದು ಕರಿಗಲ್ಲುಗಳು ಕಾಣುವ ಹೊತ್ತು ನೋಡಿಯೇ ಹೊರಡಬೇಕು.

ಅವನ ದೊಡ್ಡ ಸುಖ ಮಾತ್ರ ಬೇರೆ ಇತ್ತು. ಲಾಡ್ಜಿನಿಂದ ಐದು ನಿಮಿಷ ನಡೆದರೆ ಒಂದು ಓಣಿಯಲ್ಲಿ ತಬಲಾ ಮಾಡುವ, ರಿಪೇರಿ ಮಾಡುವ ಸಣ್ಣ ಅಂಗಡಿ. ಶುಕ್ರವಾರ ಮುಚ್ಚಿ ರವಿವಾರ ತೆರೆದಿರುತ್ತಿತ್ತು. ಗೋಣಿಚೀಲದ ಮೇಲೆ ಮಂಡಿಯೂರಿದಂತೆ ಕೂತ ಮುದುಕರೊಬ್ಬರು ಸಣ್ಣ ಸುತ್ತಿಗೆಯಿಂದ ತಬಲಾದ ಅಂಚಿಗೆ ಟಕ್ ಟಕ್ ಎಂದು ಬಡಿಯುತ್ತ, ಬೆರಳಿಂದ ನುಡಿಸಿ ಕೇಳುತ್ತ, ಮತ್ತೆ ಬಡಿಯುತ್ತ ಸ್ವರ ಕೂಡಿಸುತ್ತಿದ್ದರು. ನಾವು ಎದುರಿನ ಕಟ್ಟಡದ ನೆರಳಲ್ಲಿ ನಿಂತು ಕೇಳುತ್ತಿದ್ದೆವು. ಭಾಯಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ಇನ್ನೂ ಕುಂತಿಲ್ಲ... ಇನ್ನೂ ಇಲ್ಲ..." ಎಂದು ತುಟಿಯಲ್ಲೇ ಅನ್ನುತ್ತ ಇದ್ದು, ಒಮ್ಮೆಲೇ ನನ್ನ ತೋಳು ಹಿಡಿದು, "ಹಾಂ, ಕುಂತಿತು!" ಅನ್ನುತ್ತಿದ್ದ. ಅದೇ ಗಳಿಗೆಗೆ ಮುದುಕರು ಸುತ್ತಿಗೆ ಕೆಳಗಿಡುತ್ತಿದ್ದರು. ಒಂದು ಸಲವೂ ಅವನದು ತಪ್ಪಿದ್ದಿಲ್ಲ. ಅವನೆಂದೂ ತಬಲಾ ಕಲಿತವನಲ್ಲ. ವಾರಕ್ಕೆ ಆರು ದಿನ ಎಂಟು ಪ್ರೆಸ್ಸುಗಳ ಗದ್ದಲದ ನಡುವೆ ನಿಂತ ಮನುಷ್ಯನಿಗೆ ಒಂದು ನಾದ ಸರಿಯಾಗಿ ಬಂದು ಕೂಡುವುದನ್ನು ಕೇಳಬೇಕು, ಅಷ್ಟೇ. ನಾನು ಮೊದಲು ಬೇಸರದಿಂದ ನಿಲ್ಲುತ್ತಿದ್ದೆ. ಒಂದೆರಡು ವರ್ಷಕ್ಕೆ ನನಗೂ ಅದರ ರುಚಿ ಹತ್ತಿತು.

ಹಾಗಾಗಿಯೇ ಅವನ ತಪ್ಪು ನನಗೆ ತಿಳಿದದ್ದು. ಒಂದು ರವಿವಾರ ಅವನು ತೋಳು ಹಿಡಿದು, "ಕುಂತಿತು!" ಅಂದ. ಮುದುಕರು ಬಡಿಯುತ್ತಲೇ ಇದ್ದರು. ನನ್ನ ಕಿವಿಗೂ ಅದು ಇನ್ನೂ ಕೂತಿರಲಿಲ್ಲ. ಭಾಯಿ ಕಣ್ಣು ತೆರೆದು ಸುತ್ತಿಗೆ ಏಳುವುದನ್ನೂ ಇಳಿಯುವುದನ್ನೂ ನೋಡಿದ, ನನ್ನ ಮುಖ ನೋಡಿದ. ಮುಂದಿನ ವಾರವೂ ತಪ್ಪಿತು. ಮೂರನೆಯ ವಾರ ಅವನು ಏನೂ ಹೇಳದೆ, ಮುದುಕರು ಸುತ್ತಿಗೆ ಕೆಳಗಿಟ್ಟ ಮೇಲೆ, "ಕುಂತಿತಲ್ರೀ?" ಎಂದು ನನ್ನನ್ನೇ ಕೇಳಿದ.

ಒಂದು ಸೋಮವಾರ ಇಬ್ಬರೂ ರಜೆ ಹಾಕಿ ದೊಡ್ಡ ಆಸ್ಪತ್ರೆಗೆ ಹೋದೆವು. ನಾಲ್ಕು ತಾಸು ಬೆಂಚಿನ ಮೇಲೆ ಕಾದೆವು. ಡಾಕ್ಟರು ಕಿವಿಯ ಹತ್ತಿರ ಕಂಪಿಸುವ ಕಡ್ಡಿ ಹಿಡಿದು ನೋಡಿ, ಏನು ಕೆಲಸ ಎಂದು ಕೇಳಿ, ನನ್ನ ಕಡೆ ತಿರುಗಿ ಹೇಳಿದರು: ಒಳಗಿನ ನರ ಸತ್ತಿದೆ, ಇದಕ್ಕೆ ಔಷಧ ಇಲ್ಲ, ಆ ಕೆಲಸ ಬಿಡಬೇಕು, ಇಲ್ಲವಾದರೆ ಉಳಿದದ್ದೂ ಹೋಗುತ್ತದೆ. ಹೊರಗೆ ಬಂದು ನಾನು ಅದನ್ನೇ ಅವನಿಗೆ ಹೇಳಿದೆ. ಎರಡು ಸಲ ಹೇಳಬೇಕಾಯಿತು.

"ಬಿಟ್ಟು ಏನ್ ಮಾಡ್ಲಿ?" ಅಂದ. ಸ್ವಲ್ಪ ದೂರ ನಡೆದ ಮೇಲೆ, "ಮಾಸ್ತರ, ಇದನ್ನ ಯಾರಿಗೂ ಹೇಳಬ್ಯಾಡ್ರಿ. ಕಾರ್ಖಾನ್ಯಾಗ ಗೊತ್ತಾದ್ರ ಹೊರಗ ಹಾಕ್ತಾರ," ಎಂದು ನನ್ನ ಕೈ ಹಿಡಿದುಕೊಂಡ. ಹೇಳುವುದಿಲ್ಲ ಎಂದೆ.

ಅಲ್ಲಿಂದ ಎರಡು ವರ್ಷ ಅವನು ಅದನ್ನು ಹೇಗೆ ಮುಚ್ಚಿಟ್ಟನೋ! ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ, ಹತ್ತಿಯ ಮೇಲೆ ತಪ್ಪು ಹಾಕಬಹುದಲ್ಲ. ಯಾರಾದರೂ ನಕ್ಕರೆ ತಾನೂ ನಗುತ್ತಿದ್ದ. ಕೆಲವೊಮ್ಮೆ ಅವರ ನಗು ಮುಗಿದ ಮೇಲೂ ಅವನು ನಗುತ್ತಿರುತ್ತಿದ್ದ. ನಾವು ತಬಲಾ ಅಂಗಡಿಯ ಓಣಿಗೆ ಹೋಗುವುದು ತಾನಾಗಿಯೇ ನಿಂತಿತು. ಅದರ ಬದಲು ಹೋಟೆಲಿನಲ್ಲಿಯೇ ಹೆಚ್ಚು ಹೊತ್ತು ಕೂಡುತ್ತಿದ್ದೆವು. ಅವನು ಯಾವಾಗಲೂ ನನ್ನ ಎದುರಿಗೆ, ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕೂಡುತ್ತಿದ್ದ. ಯಾಕೆಂದು ನಾನು ಯೋಚನೆ ಮಾಡಲಿಲ್ಲ.

ನನಗೆ ಆ ದಿನಗಳು ಭಾರವಾಗತೊಡಗಿದ್ದವು. ಇದನ್ನು ಹೇಳದೆ ಉಳಿದದ್ದನ್ನು ಹೇಳಿ ಉಪಯೋಗವಿಲ್ಲ. ಲೋಕಲ್ಲಿನಲ್ಲಿ ನಾನು ಒದರಿ ಮಾತಾಡಿದರೆ ಬೋಗಿಯ ಜನವೆಲ್ಲ ತಿರುಗಿ ನೋಡುತ್ತಿದ್ದರು. ಅವನಿಗೂ ತನ್ನ ದನಿಯ ಅಳತೆ ತಪ್ಪಿತ್ತು, ಸಣ್ಣ ಮಾತನ್ನೂ ಗಟ್ಟಿಯಾಗಿ ಹೇಳುತ್ತಿದ್ದ. ಮನೆಯ ಸುದ್ದಿ, ಮೈಯ ಸುದ್ದಿ, ಎಲ್ಲ ಇಡೀ ಹೋಟೆಲಿಗೆ ಕೇಳುತ್ತಿತ್ತು. ನಾನು ಮಾತು ಕಡಿಮೆ ಮಾಡಿದೆ. ರವಿವಾರ ಬೆಳಿಗ್ಗೆ ಎದ್ದಾಗ, ಇವತ್ತು ಅವನಿಗೆ ಏನಾದರೂ ಅಡಚಣೆ ಬರಲಿ ಎಂದು ಒಂದೆರಡು ಸಲ ಅನಿಸಿದ್ದೂ ನಿಜ.

ಒಂದು ರವಿವಾರ ನಮ್ಮ ಲಾಡ್ಜಿನ ಕ್ಯಾಶಿಯರ್ ನಮ್ಮ ಟೇಬಲ್ಲಿಗೆ ಬಂದು ಕೂತರು. ಮಂಗಳೂರು ಕಡೆಯವರು, ಕೆಟ್ಟ ಮನುಷ್ಯರೇನಲ್ಲ. ಭಾಯಿಯನ್ನು ಮಾತಾಡಿಸಿ, ಉತ್ತರ ತಲೆಬುಡವಿಲ್ಲದೆ ಬಂದದ್ದು ನೋಡಿ, ನನ್ನ ಕಡೆ ತಿರುಗಿದರು.

"ಇವರಿಗೆ ಕೇಳುವುದಿಲ್ಲವಾ ಮಾರಾಯ್ರೆ? ನೀವು ಹೇಗೆ ವಾರ ವಾರ ಸುಧಾರಿಸುವುದು?"

ನಾನು ದನಿ ತಗ್ಗಿಸಿದೆ. ಅಷ್ಟೇ ಸಾಕೆಂದುಕೊಂಡೆ. "ಏನ್ ಮಾಡೂದ್ರೀ, ಕೊರಳಿಗೆ ಬಿದ್ದಾನ. ಕಿವುಡನ ಮುಂದ ಎಷ್ಟಂತ ಒದರೂದು? ರವಿವಾರ ಬಂತಂದ್ರ ಸಾಕಾಗಿ ಹೋಗ್ತದ," ಅಂದೆ. ಅವನಿಗೆ ಅಷ್ಟು ವರ್ಷ ಹಚ್ಚಿದ 'ರೀ' ಅಂದು ನನ್ನ ಬಾಯಿಂದ ಬಿದ್ದುಹೋಗಿತ್ತು.

ಭಾಯಿ ಬಸಿ ಎರಡೂ ಕೈಯಲ್ಲಿ ಹಿಡಿದಿದ್ದ. ಅದು ತುಟಿಯವರೆಗೆ ಬಂದು ನಿಂತಿತ್ತು. ಅದರ ಅಂಚಿನ ಮೇಲಿಂದ ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ಎರಡು ವರ್ಷದಿಂದ ಅವನು ನೋಡುತ್ತ ಬಂದದ್ದು ಅದನ್ನೇ ಎಂದು ಆಗ ನನಗೆ ಹೊಳೆಯಿತು. ಬೇರೆಯವರ ಮಾತು ಅವನಿಗೆ ಎಷ್ಟು ಹತ್ತುತ್ತಿತ್ತೋ ಗೊತ್ತಿಲ್ಲ. ನನ್ನದು ಪೂರಾ ಹತ್ತುತ್ತಿತ್ತು. ಅವನು ಚಹಾ ಕುಡಿದು ಮುಗಿಸಿದ, ಬಸಿ ಮೇಲೆ ಕಪ್ಪು ಇಟ್ಟ, ಕ್ಯಾಶಿಯರ್ ಸಾಹೇಬರಿಗೆ ಸಲಾಮ್ ಹೇಳಿದ. ಸ್ಟೇಷನ್ನಿನವರೆಗೆ ಜೊತೆಗೇ ನಡೆದೆವು. ಪ್ಲಾಟ್‌ಫಾರ್ಮಿನ ಮೇಲೆ, "ಮುಂದಿನ ರವಿವಾರ ಓವರ್‌ಟೈಮ್ ಐತ್ರಿ ಮಾಸ್ತರ," ಅಂದ. ಅವನ ದನಿ ಆ ದಿನ ಎಂದಿಗಿಂತ ಮೆಲ್ಲಗಿತ್ತು.

ಮುಂದಿನ ರವಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮೊದಲ ವಾರ ನನಗೆ ಹಗುರವೆನಿಸಿತ್ತು. ಮಧ್ಯಾಹ್ನ ಮಲಗಿ ನಿದ್ದೆ ಮಾಡಿದೆ. ನಾಲ್ಕನೆಯ ವಾರಕ್ಕೆ ತಡೆಯಲಾಗದೆ ಜೋಗೇಶ್ವರಿಗೆ ಹೋದೆ.

ಅವನ ಖೋಲಿಗೆ ಅದಕ್ಕೂ ಮೊದಲು ಒಂದೆರಡು ಸಲವಷ್ಟೇ ಹೋಗಿದ್ದೆ. ಉಳಿದವರು ಹೊರಗೆ ಹೋಗಿದ್ದರು. ಅವನೊಬ್ಬನೇ ಚಾಪೆಯ ಮೇಲೆ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದು, "ಬರ್ರಿ ಮಾಸ್ತರ, ಬರ್ರಿ," ಎಂದು ಚಾಪೆ ಕೊಡವಿ ಹಾಸಿದ. ಹೊಸಬರಿಗೆ ಮಾಡುವ ಉಪಚಾರ ಅದು. ಸ್ಟೋವ್ ಹಚ್ಚಿದ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ ಚುರುಮುರಿ ಕಲಸತೊಡಗಿದ. ಉಪ್ಪು ಸಾಕೇ ಎಂದು ನೋಡಲು ನನ್ನ ಅಂಗೈಗೆ ಒಂದಿಷ್ಟು ಹಾಕಿದ. ಸಾಕು ಎಂದು ತಲೆಯಾಡಿಸಿದೆ. ಆಮೇಲೆ ಅವನ ಮುಂದೆ ಸರಿದು ಕೂತು, "ಭಾಯಿ, ಅವತ್ತ ನಾ ಆಡಿದ ಮಾತು..." ಎಂದು ಸುರು ಮಾಡಿದೆ.

ಅವನು ಕಣ್ಣು ಕೆಳಗೆ ಮಾಡಿದ. ಬೋಗುಣಿಯೊಳಗೆ ಕೈಯಾಡಿಸುತ್ತಲೇ ಇದ್ದ. ನಾನು ಹೇಳುತ್ತ ಹೋದೆ, ನನ್ನ ತಪ್ಪು ಅಂದೆ, ನಾಚಿಕೆಯಾಗುತ್ತದೆ ಅಂದೆ, ಬೇಕಾದರೆ ಬೈರಿ, ಆದರೆ ಬರುವುದು ಬಿಡಬೇಡ್ರಿ ಅಂದೆ. ಅವನು ತಲೆ ಎತ್ತಲೇ ಇಲ್ಲ. ಅವನ ಮೊಣಕಾಲು ಮುಟ್ಟಿದೆ. ಆಗ ಅವನು ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡ. ನನ್ನ ಮಾತು ಒಳಗೆ ಹೋಗಲು ಅವನಲ್ಲಿ ಇದ್ದ ಬಾಗಿಲು ಅದೊಂದೇ. ನಾನು ಸುಮ್ಮನಾಗುವವರೆಗೆ ಮುಚ್ಚಿಕೊಂಡೇ ಕೂತ. ಆಮೇಲೆ ಕಣ್ಣು ತೆರೆದು, "ಏನಂದ್ರೋ ಕೇಳಿಸ್ಲಿಲ್ಲ ಮಾಸ್ತರ. ತಿನ್ರಿ, ಮೆತ್ತಗಾಗ್ತದ," ಅಂದ.

ತಿಂದೆ. ಊರಿನ ಮಳೆ, ಮಕ್ಕಳ ಸಾಲೆ ಎಂದು ಅವನೇ ಮಾತಾಡಿದ. ಸ್ಟೇಷನ್ನಿನವರೆಗೂ ಬಂದು ಕಳಿಸಿದ. ಮುಂದಿನ ರವಿವಾರದ ಮಾತು ಎತ್ತಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಅವನ ಖೋಲಿಯವನೊಬ್ಬ ಲಾಡ್ಜಿಗೆ ಬಂದು ಸುದ್ದಿ ಹೇಳಿದ. ಒಂದು ದಿನ ಪಕ್ಕದ ಪ್ರೆಸ್ಸಿನಿಂದ ತಗಡು ಸಿಡಿದಾಗ ಕೆಲಸ ನೋಡಿಕೊಳ್ಳುವ ಮುಕಾದಮ ಹಿಂದಿನಿಂದ ಮೂರು ಸಲ ಕೂಗಿದರೂ ಭಾಯಿ ಅಲ್ಲಾಡಲಿಲ್ಲವಂತೆ. ತಗಡು ಅವನ ಹೆಗಲಿಗೆ ಸವರಿ ಹೋಗಿತ್ತು, ಗಾಯ ದೊಡ್ಡದಲ್ಲ. ಆದರೆ ಗುಟ್ಟು ಬಯಲಾಗಿ, ಮರುದಿನದಿಂದ ಕೆಲಸಕ್ಕೆ ಬರಬೇಡ ಅಂದರಂತೆ. ಅವನು ಗಂಟು ಕಟ್ಟಿಕೊಂಡು ಊರಿಗೆ ಹೋಗಿ ಆಗಲೇ ಎಂಟು ದಿನವಾಗಿತ್ತು. ಊರಿನ ಗಾಡಿ ಹಿಡಿಯಲು ವಿ.ಟಿ. ಸ್ಟೇಷನ್ನಿಗೆ ಹೋಗುವ ಮುಂಚೆ ನನ್ನ ಲಾಡ್ಜಿನ ಮುಂದಿನಿಂದಲೇ ಹಾದು ಹೋದನೋ ಏನೋ, ಗೊತ್ತಿಲ್ಲ.

ಪತ್ರ ಬರೆದೆ. ಎಷ್ಟೋ ಸಲ ಅವನ ಪರವಾಗಿ ಬರೆದ ವಿಳಾಸ, ಬಾಯಿಪಾಠ ಇತ್ತು. ಉತ್ತರ ಬರಲಿಲ್ಲ. ಮತ್ತೊಂದು ಬರೆದೆ, ಅದಕ್ಕೂ ಬರಲಿಲ್ಲ. ಮೂರನೆಯದನ್ನು ಬರೆದು ಹರಿದು ಹಾಕಿದೆ. ರವಿವಾರ ಒಬ್ಬನೇ ಅದೇ ಹೋಟೆಲಿಗೆ ಹೋಗಿ ಪೇಪರ್ ಬಿಚ್ಚಿಕೊಂಡು ಕೂಡುತ್ತಿದ್ದೆ. ಯಾರೂ ಅದನ್ನು ಕಸಿದುಕೊಳ್ಳುತ್ತಿರಲಿಲ್ಲ. ಒಂದು ಸಲ ಆ ಓಣಿಗೂ ಹೋದೆ. ಮುದುಕರು ಕೂತಿದ್ದರು, ಸುತ್ತಿಗೆ ಆಡುತ್ತಿತ್ತು. ಸ್ವರ ಕೂಡುವ ಮೊದಲೇ ತಿರುಗಿ ಬಂದೆ.

ಅವನನ್ನು ಮತ್ತೆ ನೋಡಿದ್ದು ಮೂರು ವರ್ಷದ ಮೇಲೆ, ಬಿಜಾಪುರದ ಬಸ್ ಸ್ಟ್ಯಾಂಡಿನಲ್ಲಿ. ನಾನು ತಂಗಿಯ ಮದುವೆ ಮುಗಿಸಿ ವಾಪಸು ಹೊರಟಿದ್ದೆ. ಅವನು ಹನ್ನೆರಡು ವರ್ಷದ ಮಗಳ ಜೊತೆ ಒಂದು ಕಟ್ಟೆಯ ಮೇಲೆ ಕೂತಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಮಗಳು ಬೆರಳಿಂದ, ಹುಬ್ಬಿನಿಂದ, ಗಲ್ಲ ಉಬ್ಬಿಸಿ ಏನೋ ಹೇಳುತ್ತಿದ್ದಳು. ಅವನು ನಗುತ್ತ ಕೈಯಿಂದಲೇ ಉತ್ತರ ಕೊಡುತ್ತಿದ್ದ. ತಂದೆ ಮಗಳು ಕೂಡಿ ಕಟ್ಟಿಕೊಂಡ ಮಾತು ಅದು.

ಎದುರಿಗೆ ಹೋಗಿ ನಿಂತೆ. ಅವನು ಎದ್ದು ಎರಡೂ ಕೈಯಿಂದ ನನ್ನ ಕೈ ಹಿಡಿದ. "ಮುಂಬೈಯಾಗಿನ ನನ್ನ ದೋಸ್ತ, ಮಾಸ್ತರ," ಎಂದು ಮಗಳಿಗೆ ಹೇಳಿದ. ಈಗ ಅವನ ಮಾತಿನ ತುದಿಗಳು ಸವೆದಿದ್ದವು. ಆರಾಮ ಇದ್ದೀರಾ ಎಂದು ನಾನು ಕೇಳಿದೆ. ಅವನು ನನ್ನ ಬಾಯಿ ನೋಡಲಿಲ್ಲ, ಮಗಳ ಕೈ ನೋಡಿದ. ಅವಳು ತಿಳಿಸಿದಳು. ಅವನು ತಲೆಯಾಡಿಸಿದ.

"ಇನ್ನೇನರ ಹೇಳಬೇಕೇನ್ರೀ ಕಾಕಾ? ನಾ ಅಬ್ಬಾಗ ಹೇಳ್ತೀನಿ," ಅಂದಳು ಹುಡುಗಿ.

ಹೇಳುವುದು ಬಹಳ ಇತ್ತು. ಆದರೆ ಅದನ್ನು ಆ ಮಗುವಿನ ಕೈಯಲ್ಲಿ ಹೇಗೆ ಹೇಳಿಸಲಿ? ಅವಳ ತಂದೆಯನ್ನು ನಾನು ಏನೆಂದು ಕರೆದಿದ್ದೆ ಎಂಬುದನ್ನು ಮೊದಲು ಅವಳಿಗೆ ಹೇಳಬೇಕಾಗುತ್ತಿತ್ತು. "ನಿಮ್ಮೂರ ಬಸ್ ಎಷ್ಟಕ್ಕ ಐತವ್ವಾ?" ಎಂದು ಕೇಳಿದೆ. ಅವಳು ಅದನ್ನೂ ಬೆರಳಲ್ಲಿ ಅವನಿಗೆ ತಿಳಿಸಿ, "ಈಗ ಬರ್ತದ್ರಿ," ಅಂದಳು.

ಬಸ್ಸು ಬಂದಿತು. ಗದ್ದಲದಲ್ಲಿ ಅವನು ಮಗಳನ್ನು ಮುಂದೆ ಮಾಡಿಕೊಂಡು ಹತ್ತಿದ. ಕಿಟಕಿಯ ಪಕ್ಕ ಅವಳಿಗೆ ಜಾಗ ಮಾಡಿಕೊಟ್ಟು, ತಾನು ಅವಳ ಆಚೆ ಬದಿಗೆ ಕೂತ. ಬಸ್ಸು ತಿರುಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಹುಡುಗಿ ಕೈ ಬೀಸಿದಳು.