ಸಿನಿಮಾದವಳಿಗೆ ಕಣ್ಣೀರು

ಅಮೆರಿಕದ ಸನ್ನಿವೇಲ್‌ನ ನಮ್ಮ ಕನ್ನಡದ ಹೆಂಗಸರ ಗುಂಪು ಆ ಭಾನುವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಸೇರಿ ಟೀವಿಯಲ್ಲಿ ಸಿನಿಮಾ ನೋಡುತ್ತಾ ಅತ್ತಿತಲ್ಲ, ಆ ಅಳು ನೆನೆದರೆ ನನಗೆ ಇವತ್ತಿಗೂ ಮೈಯುರಿಯುತ್ತದೆ.

ಅಳಲಿ, ಬೇಡ ಅಂದವರಾರು? ಕಥೆ ಅಳುವಂಥದ್ದೇ. ಸಂಗೀತ ಕಟ್ಟುವ ಮಹಾ ಪ್ರತಿಭಾವಂತೆಯೊಬ್ಬಳು ಮನಸ್ಸು ಕೆಟ್ಟು, ಪಿಯಾನೋ ಮುಚ್ಚಿ, ಕೋಣೆಯ ಪರದೆ ಎಳೆದುಕೊಂಡು ಕೂತುಬಿಡುತ್ತಾಳೆ. ಕೊನೆಯಲ್ಲಿ ಗಂಡ, ಮಗಳು ಬಂದು ತಬ್ಬಿಕೊಂಡ ಕೂಡಲೇ ಎಲ್ಲ ಸರಿಹೋಗುತ್ತದೆ. ಒಂದು ಕಾದಂಬರಿಯಿಂದ ತೆಗೆದ ಚಿತ್ರ. ಆ ಕಾದಂಬರಿ ಯಾವಾಗಲೂ ನನ್ನ ಅಕ್ಕನ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ಅದಕ್ಕೇ ಅವಳು ಅವತ್ತು ಬರಲು ಒಪ್ಪಿದ್ದು.

ಅಕ್ಕ ಎಮರಿವಿಲ್‌ನ ಒಂದು ಸ್ಟುಡಿಯೋದಲ್ಲಿ ಕಾರ್ಟೂನ್ ಸಿನಿಮಾಗಳಿಗೆ ಚಿತ್ರ ಬರೆಯುತ್ತಿದ್ದಳು. ಅವಳು ಬರೆದ ಹರಿದ ಕಿವಿಯ ಆನೆಮರಿಯ ಗೊಂಬೆ ಇಲ್ಲದ ಮನೆ ನಮ್ಮ ಗುಂಪಿನಲ್ಲಿಲ್ಲ. ಆಮೇಲೆ ಮನಸ್ಸಿನ ಕಾಯಿಲೆ ಬಂತು, ಕೆಲಸ ಬಿಟ್ಟಳು, ನನ್ನ ಅಪಾರ್ಟ್‌ಮೆಂಟಿಗೆ ಬಂದಳು. ಔಷಧಿ ಹಿಡಿದ ಮೇಲೂ ಹೊರಗೆ ಕಾಲಿಡುತ್ತಿರಲಿಲ್ಲ. ಎಷ್ಟೋ ಕಾಲದ ಮೇಲೆ ಸೀರೆಯುಟ್ಟು ಜನರ ನಡುವೆ ಬಂದದ್ದು ಅವತ್ತೇ. ಇಲ್ಲಿ ಮುದುಡಿದಳೋ, ಮತ್ತೆ ಹೊರಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಜೀವ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಸಿನಿಮಾ ಮುಗಿಯಿತು. ಮನೆಯಾಕೆ ದುಪಟ್ಟಾದಿಂದ ಕಣ್ಣೊರೆಸಿಕೊಳ್ಳುತ್ತಾ, "ಪಾಪ ಕಣ್ರೀ, ಎಂಥ ಜೀನಿಯಸ್ಸು! ಸುತ್ತ ಇದ್ದೋರಿಗೆ ಒಂಚೂರಾದ್ರೂ ಅರ್ಥ ಆಗ್ಬಾರ್ದಾ?" ಅಂದರು.

ಮೂಲೆಯ ಕುರ್ಚಿಯಿಂದ ಅಕ್ಕ ಮೆಲ್ಲಗೆ ಹೇಳಿದಳು: "ಪುಸ್ತಕದಲ್ಲಿ ಹಿಂಗೆ ಬಂದು ತಬ್ಕೊಳ್ಳಲ್ಲ. ಮಗಳು ಮೊದಲು, 'ಅಮ್ಮಾ, ನಿಂಗೇನು ಬೇಕು?' ಅಂತ ಕೇಳ್ತಾಳೆ. ಸಿನಿಮಾದಲ್ಲಿ ಆ ಮಾತೇ ತೆಗ್ದುಬಿಟ್ಟಿದಾರೆ."

ಎಲ್ಲರೂ ನನ್ನ ಮುಖ ನೋಡಿದರು. ಅವಳದ್ದಲ್ಲ, ನನ್ನದು! ಮನೆಯಾಕೆ ನನ್ನನ್ನೇ ಕೇಳಿದರು, "ಇವ್ರಿಗೆ ಸುಸ್ತಾಗಿರ್ಬೇಕು ಅಲ್ವಾ? ಕಾಫಿ ಕುಡೀತಾರಾ? ಮಾತ್ರೆ ತಗೊಳ್ಳೋರಿಗೆ ಕೊಡ್ಬಹುದಾ?" ನಾನು ಬಾಯಿ ತೆರೆಯುವುದರೊಳಗೆ, "ಬೇಡ ಬಿಡಿ, ಯಾಕೆ ರಿಸ್ಕು" ಎಂದು ತಾವೇ ತೀರ್ಮಾನಿಸಿ, ಟ್ರೇ ಹಿಡಿದುಕೊಂಡು ಅವಳನ್ನು ದಾಟಿ ಹೋದರು. ಅಕ್ಕ ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುವುದು ಸುಮ್ಮನೆಯೇ? ಟೀವಿಯೊಳಗಿನವಳಿಗೆ ಬಳಬಳ ಕಣ್ಣೀರು, ಪಕ್ಕದಲ್ಲಿ ಕೂತವಳಿಗೆ ಒಂದು ಲೋಟ ಕಾಫಿಗೂ ಗತಿಯಿಲ್ಲ. ಕರೆದವರ ಮನೆ ಅಂತ ಹಲ್ಲು ಕಚ್ಚಿಕೊಂಡೆ.

ಹೊರಡುವಾಗ ವಾಡಿಕೆಯಂತೆ ಅರಿಶಿನ ಕುಂಕುಮ. ಮನೆಯಾಕೆ ಒಬ್ಬೊಬ್ಬರ ಮುಂದೂ ಕುಂಕುಮದ ಬಟ್ಟಲು ಹಿಡಿದು, ಎಲೆ ಅಡಿಕೆ, ಬಾಳೆಹಣ್ಣು ಕೊಟ್ಟರು. ನನ್ನ ಕೈಗೆ ಎರಡು ತಾಂಬೂಲ ಬಂತು.

"ಇನ್ನೊಂದು ನಿಮ್ಮಕ್ಕಂಗೆ. ಮನೆಗೆ ಹೋಗಿ ನೀವೇ ಕುಂಕುಮ ಇಟ್ಟು ಕೊಟ್ಬಿಡಿ."

ಅಕ್ಕ ನನ್ನ ಭುಜಕ್ಕೆ ಭುಜ ತಾಗಿಸಿಕೊಂಡೇ ನಿಂತಿದ್ದಳು!

"ಯಾಕ್ರೀ, ಅವಳೇನು ಊರಲ್ಲಿಲ್ವಾ?" ಆ ದನಿ ನನ್ನದೇ ಅಂತ ನನಗೇ ಗುರುತು ಸಿಗಲಿಲ್ಲ. "ಕಣ್ಣೆದುರಿಗೇ ನಿಂತಿದಾಳೆ. ಸಿನಿಮಾದೋಳಿಗೋಸ್ಕರ ಇಷ್ಟೊತ್ತು ಅತ್ರಲ್ಲ, ಇವಳನ್ನ ಒಂದು ಮಾತು ಕೇಳಿದ್ರೆ ನಾಲಿಗೆ ಬಿದ್ದೋಗುತ್ತಾ? ನಿಮ್ಮ ಮಗಳು ತಬ್ಕೊಂಡು ಮಲಗೋ ಆ ಆನೆಮರೀನ ಬರ್ದೋಳು ಕಣ್ರೀ ಇವಳು!"

ಮನೆಯಾಕೆಯ ಕೈಯಲ್ಲಿ ಬಟ್ಟಲು ಹಾಗೇ ನಿಂತಿತ್ತು. ಮುಗಿಯಿತು, ಇನ್ನೊಂದು ಸಲ ಇವಳನ್ನು ಮನೆಯಿಂದ ಹೊರಡಿಸುವುದು ನನ್ನಿಂದಾಗದು ಅಂದುಕೊಂಡೆ. ಚಪ್ಪಲಿ ಮೆಟ್ಟಿ, ಅಕ್ಕನ ತೋಳು ಹಿಡಿದು, "ನಡಿಯಕ್ಕ, ಹೋಗೋಣ" ಅಂತ ಎಳೆದೆ.

ಅಕ್ಕ ನನ್ನ ಕೈ ಬಿಡಿಸಿಕೊಂಡಳು. ಬಟ್ಟಲಿಗೆ ತಾನೇ ಬೆರಳಿಟ್ಟು ಹಣೆಗೆ ಕುಂಕುಮ ಇಟ್ಟುಕೊಂಡಳು. ಆಮೇಲೆ ವಾಪಸು ಒಳಗೆ ನಡೆದು, ಟೀವಿಯ ಪಕ್ಕದಲ್ಲಿದ್ದ ಆನೆಮರಿಯ ಗೊಂಬೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಸೋಫಾದ ಮಧ್ಯದಲ್ಲಿ ಕೂತಳು.

"ನಂಗೆ ಕಾಫಿ ಬೇಕು," ಅಂದಳು ಮನೆಯಾಕೆಗೆ. "ಸಕ್ಕರೆ ಒಂಚೂರು ಜಾಸ್ತಿ."