ಮೂಲ ಫೈಲಿಗೆ ಕೈ ಹಾಕಿದವನು

ಪುಷ್ಪಾ ಅವರೇ, ಆ ಕಲ್ಯಾಣ ಮಂಟಪದ ವೆಬ್‌ಸೈಟ್ ಕೆಡಿಸಿದವನು ನಾನು. ನೀವಲ್ಲ. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು — ನಾಚಿಕೆಗೇಡು.

ಯಲಹಂಕದಲ್ಲಿ ಬೇಕರಿಯ ಮೇಲಿದ್ದ ಆ ಆಫೀಸು ನೆನಪಿದೆಯಲ್ಲ? ಯಾರೋ ಪುಣ್ಯಾತ್ಮರು ಬರೆದು ಜಗತ್ತಿಗೆಲ್ಲ ಬಿಟ್ಟಿ ಕೊಟ್ಟ ಓಪನ್ ಸೋರ್ಸ್ ಕೋಡ್ ಇಳಿಸಿಕೊಂಡು ನಾವಿಬ್ಬರೂ ವೆಬ್‌ಸೈಟ್ ಕಟ್ಟುತ್ತಿದ್ದೆವು. ಇಳಿಸಿಕೊಳ್ಳುವುದು ಯಾರಿಗಾದರೂ ಬರುತ್ತದೆ. ಗಿರಾಕಿಗೆ ಬೇಕಾದಂತೆ ಅದನ್ನು ಒಗ್ಗಿಸುವುದೇ ಕಸುಬು. ಮೊದಲ ದಿನವೇ ನಿಮಗೆ ದೊಡ್ಡ ಮೇಷ್ಟ್ರ ಹಾಗೆ ಹೇಳಿಕೊಟ್ಟಿದ್ದೆ — ಇಳಿಸಿಕೊಂಡ ಮೂಲ ಫೈಲು ಮುಟ್ಟಬಾರದು, ನಮ್ಮ ಬದಲಾವಣೆ ಬೇರೆ ಫೈಲಿನಲ್ಲೇ ಇರಬೇಕು, ಇಲ್ಲದಿದ್ದರೆ ಅಪ್‌ಡೇಟ್ ಆದಾಗ ಹಳೆಯ ಫೈಲಿನ ಜಾಗಕ್ಕೆ ಹೊಸದು ಬಂದು ನಾವು ಬರೆದದ್ದೆಲ್ಲ ಅಳಿಸಿಹೋಗುತ್ತದೆ ಅಂತ.

ಮಂಟಪದ ಗೌಡರಿಗೆ ವೆಬ್‌ಸೈಟಿನಲ್ಲೇ ಮುಹೂರ್ತದ ದಿನ ಬುಕ್ ಆಗಬೇಕಿತ್ತು. ಒಬ್ಬರು ಹಿಡಿದ ದಿನ ಇನ್ನೊಬ್ಬರಿಗೆ ಸಿಗಬಾರದು. ಅದನ್ನು ಬೇರೆ ಫೈಲಿನಲ್ಲಿ ಬರೆಯಲು ನೋಡಿದೆ, ಆಗಲಿಲ್ಲ. ನನಗೆ ಗೊತ್ತಿರಲಿಲ್ಲ — ಅಷ್ಟೇ ನಿಜ. ನಿಮ್ಮನ್ನು ಕೇಳಿದ್ದರೆ ಇಬ್ಬರೂ ಕೂತು ದಾರಿ ಹುಡುಕಬಹುದಿತ್ತು. ಮೇಷ್ಟ್ರಾಗಿದ್ದವನಿಗೆ ಕೇಳಲು ಮನಸ್ಸು ಬರಲಿಲ್ಲ. ಮೂಲ ಫೈಲನ್ನೇ ತೆರೆದು ತಿದ್ದಿಬಿಟ್ಟೆ.

ಕೆಲವು ವಾರಗಳ ಮೇಲೆ ಆ ಕೋಡಿಗೆ ಅಪ್‌ಡೇಟ್ ಬಂತು. ನೀವು ಕುರ್ಚಿ ತಿರುಗಿಸಿ ಕೇಳಿದಿರಿ: “ಮೂಲ ಫೈಲ್ ಏನಾದ್ರೂ ಮುಟ್ಟಿದೀರಾ? ಅಪ್‌ಡೇಟ್ ಒತ್ಲಾ?”

“ಛೇ, ಇಲ್ಲ ಕಣ್ರೀ. ಒತ್ತಿ.”

ಏನೂ ಆಗಲಿಕ್ಕಿಲ್ಲ ಅಂದುಕೊಂಡೆ. ಅಂದುಕೊಂಡೆನೋ, ಅಥವಾ — ಗೊತ್ತಿಲ್ಲ.

ನನ್ನ ತಿದ್ದುಪಡಿ ಅಳಿಸಿಹೋಗಿ, ಒಂದೇ ದಿನವನ್ನು ಎರಡು ಮನೆಯವರು ಬುಕ್ ಮಾಡಿದ್ದರು. ಗೌಡರು ದಡದಡ ಮೆಟ್ಟಿಲು ಹತ್ತಿ ಬಂದರು. “ಇಂಗಾ ಕೆಲ್ಸ ಮಾಡೋದು? ಎರಡು ಜೋಡೀನ ಒಂದೇ ಹಸೆಮಣೆ ಮೇಲೆ ಕೂರಿಸ್ಲಾ?”

ಯಾರು ಒತ್ತಿದ್ದು ಎಂದು ನಮ್ಮ ಮಾಲೀಕರು ಕೇಳಿದರು. ನೀವು ಎದ್ದು ನಿಂತಿರಿ. “ನಾನೇ ಸರ್. ಇವರನ್ನ ಕೇಳ್ಕೊಂಡೇ ಒತ್ತಿದ್ದು.”

“ನನ್ನನ್ನ ಏನೂ ಕೇಳ್ಲಿಲ್ಲ ಸರ್,” ಅಂದೆ.

ನಾಳೆಯಿಂದ ಬರುವುದು ಬೇಡ ಎಂದು ಮಾಲೀಕರು ನಿಮಗೆ ಹೇಳಿದರು. ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದಿರಿ. ಆಮೇಲೆ ಅಲ್ಲಿ ಒಬ್ಬನೇ ಉಣ್ಣುತ್ತಿದ್ದೆ. ಕೋಡಿನಲ್ಲಿ ಸಿಕ್ಕಿಕೊಂಡಾಗ ಬಾಯಿತಪ್ಪಿ ನಿಮ್ಮ ಹೆಸರು ಕರೆದುಬಿಡುತ್ತಿದ್ದೆ. ಈಗ ಮನೆಯಲ್ಲೇ ಕೆಲಸ. ನಾನು ಯಾರನ್ನೂ ಕೇಳುವುದಿಲ್ಲ, ನನ್ನನ್ನೂ ಯಾರೂ ಕೇಳುವುದಿಲ್ಲ. ಯಾರಾದರೂ ಹತ್ತಿರ ಬಂದರೆ ಹೆದರಿಕೆಯಾಗುತ್ತದೆ — ನನ್ನ ಮಾತನ್ನು ನಂಬಿಬಿಟ್ಟಾರು ಅಂತ.

ಮೊನ್ನೆ ಗೊರಗುಂಟೆಪಾಳ್ಯದ ಬಸ್ ಸ್ಟಾಪಿನಲ್ಲಿ ನೀವೇ ಮಾತಾಡಿಸಿದಿರಿ. ಬೈಯುತ್ತೀರಿ ಅಂದುಕೊಂಡೆ. ನಕ್ಕಿರಿ.

“ಆ ಕೆಲಸ ಬಿಟ್ಟೇಬಿಟ್ಟೆ ಕಣ್ರೀ. ನಿಮ್ಮನ್ನ ಕೇಳಿದ್ದೆ ಅಂತಲೇ ನನ್ ತಲೇಲಿತ್ತು. ಕೇಳೇ ಇರ್ಲಿಲ್ವೇನೋ. ನನ್ ನೆನಪನ್ನ ನಾನೇ ನಂಬೋಕಾಗ್ದಿದ್ಮೇಲೆ ಕೋಡ್ ಏನ್ ಬರೀಲಿ?”

ಅಯ್ಯೋ, ಆಗಲೂ ನಾನು ಬಾಯಿ ಬಿಡಲಿಲ್ಲ. ದಾಸರಹಳ್ಳಿ ಬಸ್ಸು ಬಂತು, ಹತ್ತಿಕೊಂಡಿರಿ.

ಕ್ಷಮೆ ಕೇಳಲು ನನಗೆ ಮುಖವಿಲ್ಲ. ಮಾಲೀಕರ ಎದುರು, ಗೌಡರ ಎದುರು ನಿಂತು ನಡೆದದ್ದನ್ನು ಹೇಳುತ್ತೇನೆ. ಅದಕ್ಕೂ ಮೊದಲು ನಿಮಗೆ ಹೇಳಬೇಕು — ನಿಮ್ಮ ನೆನಪು ಸರಿಯಾಗಿಯೇ ಇದೆ, ಪುಷ್ಪಾ. ನೀವು ಕೇಳಿದ್ದಿರಿ.